ಅಂಚಿನೊಳಗಿನ ಕಂಬಿ



ಮೂವತ್ತೊಂದು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಂದ ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಲಕ್ಷಣವನ್ನು ಕಂಠಪಾಠ ಮಾಡಿಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಕಡೆಗೊಂದು ದಿನ ಹಾರತುರಾಯಿಗಳೊಡನೆ ಮನೆಗೆ ಬಂದು ಕುಳಿತ ನನ್ನಂಥ ಕನ್ನಡ ಪಂಡಿತನೊಬ್ಬನು, ಅದರ ಮರುವರ್ಷವೇ ಒಂದು ಕಲಾಶಾಲೆಯ ಲೋಹಶಿಲ್ಪದ ತರಗತಿಯಲ್ಲಿ ಸುತ್ತಿಗೆ ಹಿಡಿದು ನಿಂತನೆಂದರೆ, ಅದನ್ನು ವೈರಾಗ್ಯವೆಂದು ಭಾವಿಸಬೇಕೋ ಮತಿಭ್ರಮಣೆಯೆಂದು ಭಾವಿಸಬೇಕೋ ತಿಳಿಯದೆ ಬಂಧುಮಿತ್ರರು ಕೆಲಕಾಲ ಸುಮ್ಮನಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಮನೆಯಾಕೆ ಮಾತ್ರ, "ಒಂದು ಪಾತ್ರೆ ಸೊಟ್ಟಗಾದರೆ ಎಷ್ಟು ಸಂಕಟವಾಗುತ್ತದೆಂಬುದು ಈಗಲಾದರೂ ನಿಮಗೆ ಗೊತ್ತಾಗಲಿ" ಎಂದು ಒಂದೇ ಮಾತಿನಲ್ಲಿ ಅನುಜ್ಞೆ ಕೊಟ್ಟುಬಿಟ್ಟಳು. ಆ ಎರಡು ವರ್ಷಗಳಲ್ಲಿ ನಾನು ಮಾಡಿದ, ಅಥವಾ ಕೆಡಿಸಿ ಕೆಡಿಸಿ ಮಾಡಿದ, ಮೂರು ನಾಲ್ಕು ವಸ್ತುಗಳ ವೃತ್ತಾಂತವನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ. ಬಾನುಲಿಯಲ್ಲಿ ವಸ್ತುಗಳನ್ನು ತೋರಿಸುವ ಪದ್ಧತಿಯಿಲ್ಲವಷ್ಟೆ. ಅದು ನನ್ನ ಪೂರ್ವಪುಣ್ಯ.

ನಮ್ಮ ಗುರುಗಳು ಅಕ್ಕಸಾಲೆಯ ಮನೆತನದಲ್ಲಿ ಹುಟ್ಟಿ, ತಂದೆಯ ಅಗ್ಗಿಷ್ಟಿಕೆಯ ಮುಂದೆ ಬೆಳೆದು, ಆಮೇಲೆ ಕಲಾಶಾಲೆಯ ಪದವಿಯನ್ನೂ ಪಡೆದವರು. ವಯಸ್ಸಿನಲ್ಲಿ ನನ್ನ ಅರ್ಧದಷ್ಟು. ಅವರು ನನ್ನನ್ನು 'ಮೇಷ್ಟ್ರೇ' ಎಂದೂ ನಾನು ಅವರನ್ನು 'ಗುರುಗಳೇ' ಎಂದೂ ಕರೆಯುವ ಒಪ್ಪಂದವು ಮೊದಲನೆಯ ದಿನವೇ ತಾನಾಗಿ ಏರ್ಪಟ್ಟಿತು. ಅವರ ತರಗತಿಯ ನಿಯಮವೇನೆಂದರೆ, ಯಾವ ವಸ್ತುವನ್ನು ಮಾಡಹೊರಟರೂ ಮೊದಲು ಅದರ ಇಪ್ಪತ್ತು ಚಿತ್ರಗಳನ್ನು ಬರೆಯಬೇಕು, ಆಮೇಲೆ ದಪ್ಪ ಕಾಗದದಲ್ಲಿ ಅದರ ಮಾದರಿಯನ್ನು ಕತ್ತರಿಸಿ ಅಂಟಿಸಬೇಕು, ವಸ್ತು ಮುಗಿದ ಬಳಿಕ ಎಲ್ಲೆಲ್ಲಿ ಕೆಟ್ಟಿತು ಎಂಬುದನ್ನು ಅದೇ ಪುಸ್ತಕದಲ್ಲಿ ಬರೆದಿಡಬೇಕು. ಕವಿಗೆ ಪ್ರತಿಭೆಯು ಮಿಂಚಿನಂತೆ ಹೊಳೆಯುತ್ತದೆ, ಶಬ್ದಗಳು ಅದರ ಹಿಂದೆ ಸೇವಕರಂತೆ ನಡೆದುಬರುತ್ತವೆ ಎಂದು ಪಾಠ ಹೇಳಿಕೊಂಡು ಬಂದಿದ್ದ ನಾನು, ಇಪ್ಪತ್ತು ಚಿತ್ರಗಳ ಅಗತ್ಯವೇನೆಂದು ಮನಸ್ಸಿನಲ್ಲಿಯೇ ನಕ್ಕು, ಹನ್ನೆರಡು ದಳಗಳ ಕಮಲಾಕಾರದ ಒಂದು ಬಟ್ಟಲನ್ನು ನೆರಳು ಬೆಳಕುಗಳ ಸಮೇತ ಸೊಗಸಾಗಿ ಬರೆದುಕೊಂಡು ಹೋದೆನು. ಗುರುಗಳು ಅದನ್ನು ಬಹಳ ಹೊತ್ತು ನೋಡಿದರು.

"ಚಿತ್ರ ಚೆನ್ನಾಗಿದೆ ಮೇಷ್ಟ್ರೇ. ಇದರಲ್ಲಿ ತಗಡು ಎಲ್ಲಿದೆ?"

ಅಂಥ ಪ್ರಶ್ನೆಗೆ ಕಾವ್ಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಕಮಲವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಗಡಿನಿಂದ ಗೇಣಗಲಕ್ಕಿಂತ ಕೊಂಚ ಕಡಿಮೆಯ ಒಂದು ಬಿಲ್ಲೆಯನ್ನು ಕತ್ತರಿಸಿಕೊಂಡೆನು.

ಚಪ್ಪಟೆಯ ತಗಡನ್ನು ಎಲ್ಲಿಯೂ ಕತ್ತರಿಸದೆ, ಎಲ್ಲಿಯೂ ಬೆಸೆಯದೆ, ಕೇವಲ ಬಡಿದು ಬಟ್ಟಲನ್ನಾಗಿ ಎಬ್ಬಿಸುವ ಕೆಲಸವು ನೋಡುವವರಿಗೆ ಸುಲಭವಾಗಿ ತೋರುತ್ತದೆ. ಹುಣಸೆಯ ಕೊರಡಿನಲ್ಲಿ ಕೊರೆದ ತಗ್ಗಿನ ಮೇಲೆ ಬಿಲ್ಲೆಯನ್ನಿಟ್ಟು, ಅಂಚಿನಿಂದ ಪ್ರಾರಂಭಿಸಿ ಸುತ್ತು ಸುತ್ತಾಗಿ ಒಳಕ್ಕೆ ಬಡಿಯುತ್ತ ಬಂದರೆ ಮೊದಲು ಅದು ತಟ್ಟೆಯಾಗುತ್ತದೆ. ಬಳಿಕ ಅದನ್ನು ಬೋರಲು ಮಾಡಿ ಉಕ್ಕಿನ ಗೂಟದ ಮೇಲಿಟ್ಟು, ಸೀಸದ ಕಡ್ಡಿಯಿಂದ ಹೊರಮೈಯಲ್ಲಿ ವೃತ್ತಗಳನ್ನೆಳೆದುಕೊಂಡು, ಒಂದೊಂದು ವೃತ್ತದ ಗುಂಟ ಸುತ್ತಿಗೆಯನ್ನು ನಡೆಯಿಸಿಕೊಂಡು ಹೋದರೆ ಗೋಡೆಯು ಮೇಲೇಳುತ್ತದೆ. ಆದರೆ ಪ್ರತಿಯೊಂದು ಏಟಿಗೂ ತಾಮ್ರವು ಗಡುಸಾಗುತ್ತ ಹೋಗುತ್ತದೆ. ಎರಡು ಸುತ್ತು ಮುಗಿಯುವುದರೊಳಗಾಗಿ ಅದು ಹಟಮಾರಿ ಹುಡುಗನಂತೆ ಏಟನ್ನು ಹಿಂದಕ್ಕೆ ಚಿಮ್ಮಿಸುವುದಕ್ಕೆ ತೊಡಗುತ್ತದೆ. ಆಗ ಅದನ್ನು ಬೆಂಕಿಯಲ್ಲಿ ಮಬ್ಬುಗೆಂಪಾಗುವವರೆಗೆ ಕಾಯಿಸಿ ಮೆತ್ತಗೆ ಮಾಡಬೇಕು. ಈ ಕೆಂಪು ಹಗಲ ಬೆಳಕಿನಲ್ಲಿ ಕಣ್ಣಿಗೆ ಕಾಣದಾದುದರಿಂದ ನಮ್ಮ ಕುಲುಮೆಯನ್ನು ಕೋಣೆಯ ಕತ್ತಲೆಯ ಮೂಲೆಯಲ್ಲಿ ಹೂಡಿದ್ದರು. ಕಬ್ಬಿಣದ ಉಳಿಯನ್ನು ಕಾಯಿಸಿ ನೀರಿಗೆ ಹಾಕಿದರೆ ಗಡುಸಾಗುವುದೆಂದು ಬಾಲ್ಯದಿಂದಲೂ ಕೇಳಿದ್ದ ನಾನು, ಕಾದ ತಾಮ್ರವನ್ನು ಗುರುಗಳು ನೀರಿನಲ್ಲಿ ಅದ್ದಿದಾಗ ಅಯ್ಯೋ ಎಂದೆನು. ತೆಗೆದುಕೊಟ್ಟಾಗ ಅದು ಬೆರಳಿನಿಂದ ಒತ್ತಿದರೆ ಬಗ್ಗುವಷ್ಟು ಮೃದುವಾಗಿದ್ದಿತು. ಒಂದೇ ಉಪಚಾರದಿಂದ ಉಕ್ಕು ಉಗ್ರವಾಗುತ್ತದೆ, ತಾಮ್ರ ಸಾಧುವಾಗುತ್ತದೆ.

ಕಾಯಿಸುವ ಹೊತ್ತು ಯಾವಾಗ ಬಂದಿತೆಂಬುದನ್ನು ತಿಳಿಯುವುದಕ್ಕೆ ಕಣ್ಣಿಗಿಂತ ಕಿವಿಯೇ ಮೇಲು. ಮೆತ್ತಗಿನ ತಾಮ್ರವು ಸುತ್ತಿಗೆಗೆ 'ದಬ್, ದಬ್' ಎಂದು ಮೊದ್ದಾಗಿ ಓಗೊಡುತ್ತದೆ. ಗಡುಸಾಗುತ್ತ ಬಂದಂತೆ ಸ್ವರವು ಏರಿ ಏರಿ ಕಡೆಗೆ 'ಟಣ್' ಎನ್ನತೊಡಗುತ್ತದೆ. ನನ್ನ ಪಕ್ಕದ ಹಲಗೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ತನ್ನ ಕೆಲಸದಿಂದ ತಲೆಯೆತ್ತದೆಯೇ, "ತಾತ, ಕಾಯಿಸಿಬಿಡಿ, ನಿಮ್ಮದು ಕೂಗ್ತಾ ಇದೆ" ಎಂದು ಎಚ್ಚರಿಸುತ್ತಿದ್ದಳು. ಒಂದು ಸಂಜೆ ಆಕೆ ಬಂದಿರಲಿಲ್ಲ. ಇನ್ನೊಂದೇ ಸುತ್ತು, ಇನ್ನೊಂದೇ ಸುತ್ತು ಎಂದು ಲೋಭದಿಂದ ಬಡಿಯುತ್ತ ಹೋದೆನು. ಏಳನೆಯ ಸಲದ ಬಡಿತದಲ್ಲಿ, ಅಷ್ಟು ಹೊತ್ತೂ ಗಂಟೆಯಂತೆ ನುಡಿಯುತ್ತಿದ್ದ ಬಟ್ಟಲು ಒಮ್ಮೆಗೇ ಒಡಕು ಮಡಕೆಯಂತೆ ಗೊರಗೊರ ಎಂದಿತು. ನೋಡಿದರೆ ಅಂಚಿನಲ್ಲಿ ಉಗುರಿನಷ್ಟುದ್ದದ ಒಂದು ಬಿರುಕು.

ಮೂರು ವಾರದ ಕೆಲಸ ಹಾಳಾಯಿತೆಂದು ನಾನು ಅದನ್ನು ತೆಗೆದುಕೊಂಡು ಹೋದಾಗ ಗುರುಗಳು ಬೈಯಲಿಲ್ಲ. ಬಿರುಕಿನ ಭಾಗವನ್ನು ಅರದಿಂದ ಉಜ್ಜಿಸಿ, ಅಂಚನ್ನೆಲ್ಲ ಅದರ ಮಟ್ಟಕ್ಕೆ ಇಳಿಸಿ, ತಾಮ್ರದ ಕಂಬಿಯೊಂದನ್ನು ಬಳೆಯಂತೆ ಬಾಗಿಸಿ, ಅದರ ಮೇಲೆ ಬಟ್ಟಲಿನ ಅಂಚನ್ನು ಹೊರಕ್ಕೆ ಸುರುಳಿ ಸುತ್ತಿ ಮುಚ್ಚಿಬಿಡಲು ಹೇಳಿದರು. ಮುಗಿದ ಮೇಲೆ ಬಟ್ಟಲಿನ ಬಾಯಿಗೆ ದುಂಡನೆಯ ತುಟಿಯೊಂದು ಮೂಡಿ, ಮೊದಲು ಹರಕು ಕಾಗದದಂತಿದ್ದ ಅಂಚು ಗಂಭೀರವಾಗಿ ಕಾಣತೊಡಗಿತು. ಎಷ್ಟು ಒಳ್ಳೆಯ ಅಲಂಕಾರ ಎಂದೆನು. ಅವರು, "ಅಲಂಕಾರವಲ್ಲ ಮೇಷ್ಟ್ರೇ. ತೆಳು ತಗಡಿನ ಅಂಚು ಬಾಗದೆ, ಕೈ ಕೊಯ್ಯದೆ, ಸೀಳದೆ ಇರಬೇಕಾದರೆ ಇದು ಬೇಕು. ನಿಮ್ಮ ಮನೆಯ ಹಂಡೆಯನ್ನು ನೋಡಿ" ಎಂದರು.

ಅಂದು ರಾತ್ರಿ ಮನೆಗೆ ಬಂದು, ಬಚ್ಚಲುಮನೆಯ ಮೂಲೆಯಲ್ಲಿ ಬಿದ್ದಿದ್ದ, ನನ್ನ ಅಜ್ಜಿಯ ಕಾಲದ ತಾಮ್ರದ ಹಂಡೆಯ ಬಾಯಿಯ ಸುತ್ತ ಬೆರಳಾಡಿಸಿದೆನು. ಒಂದು ಕಡೆ ತಾಮ್ರ ಸವೆದು ಒಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿದು ಇಣುಕುತ್ತಿದ್ದಿತು. ಐವತ್ತು ವರ್ಷ ಆ ಹಂಡೆಯ ನೀರನ್ನು ಮಿಂದ ನಾನು ಅದನ್ನು ಕಂಡಿರಲಿಲ್ಲ. ಹಂಡೆಯ ಮೈತುಂಬ ಸಾಲುಸಾಲಾಗಿ ಮಿನುಗುವ ಸುತ್ತಿಗೆಯ ಗುರುತುಗಳನ್ನೂ ನಾನು ಚೆಲುವಿಗಾಗಿ ಮಾಡಿದ ಚಿತ್ತಾರವೆಂದೇ ಬಗೆದಿದ್ದೆನು. ತೆಳುವಾದ ತಗಡು ಕೊಡಗಟ್ಟಲೆ ನೀರಿನ ಭಾರವನ್ನು ತಾಳಬೇಕಾದರೆ ಕಡೆಯ ಸುತ್ತಿನಲ್ಲಿ ಅದನ್ನು ಮೈಯೆಲ್ಲ ಬಡಿದು ಗಡುಸು ಮಾಡಲೇಬೇಕೆಂಬುದು, ಆ ಗುರುತುಗಳು ಒಂದೊಂದೂ ಒಂದೊಂದು ಏಟಿನ ಬಲವೆಂಬುದು, ಹಂಡೆಯನ್ನು ಮಾಡಿದ ಕಂಚುಗಾರನಿಗೆ ಗೊತ್ತಿದ್ದಿತು, ಪಂಡಿತನಿಗೆ ಗೊತ್ತಿರಲಿಲ್ಲ.

ಇಲ್ಲಿ ನನ್ನ ಹಳೆಯ ವೃತ್ತಿಗೆ ಸಂಬಂಧಪಟ್ಟ ಒಂದು ಮಾತು. ನಮ್ಮ ಆಲಂಕಾರಿಕರಲ್ಲಿ ಅನೇಕರು ಕಾವ್ಯಾಲಂಕಾರವನ್ನು ಮೈಮೇಲಿನ ಹಾರಕ್ಕೂ ಕುಂಡಲಕ್ಕೂ ಹೋಲಿಸಿದ್ದಾರೆ. ಇದ್ದರೆ ಶೋಭೆ, ಇಲ್ಲದಿದ್ದರೂ ಶರೀರಕ್ಕೆ ಹಾನಿಯಿಲ್ಲ ಎಂಬುದು ಅದರ ಧ್ವನಿ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ 'ಅಲಂ' ಎಂದರೆ ಸಾಕು, ಸಮರ್ಥ ಎಂಬ ಅರ್ಥ. ಯಾವುದು ವಸ್ತುವನ್ನು ತನ್ನ ಕೆಲಸಕ್ಕೆ ಸಾಕಾಗುವಂತೆ ಮಾಡುತ್ತದೆಯೋ ಅದೇ ಅಲಂಕಾರ. ಆನಂದ ಕುಮಾರಸ್ವಾಮಿಯವರು 1939ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ನಾನು ಆ ಪ್ರಬಂಧವನ್ನು ಓದಿ, ಅದರ ಪಂಕ್ತಿಗಳಿಗೆ ಗೆರೆಯನ್ನೂ ಎಳೆದಿಟ್ಟಿದ್ದೆನು. ಗೆರೆ ಎಳೆದುದು ಒಂದು, ಹಂಡೆಯ ಅಂಚಿನಲ್ಲಿ ಬೆರಳಿಗೆ ಕಂಬಿ ತಗುಲಿದುದು ಇನ್ನೊಂದು. ಆ ರಾತ್ರಿಯಿಂದ ನಾನು ಈ ಸಿದ್ಧಾಂತದ ಉಪಾಸಕನಾದೆನು. ಕಂಡ ಕಂಡ ಪಾತ್ರೆ, ಒಡವೆ, ಬಾಗಿಲ ಚಿಲಕಗಳಲ್ಲೆಲ್ಲ ಅಲಂಕಾರದ ಅಡಿಯಲ್ಲಿ ಅಡಗಿರುವ ಅವಶ್ಯಕತೆಯನ್ನು ಹುಡುಕುತ್ತ ಮನೆಯವರಿಗೆ ಬೇಸರವನ್ನುಂಟುಮಾಡಿದೆನು.

ಎರಡನೆಯ ವಸ್ತು ಬೆಳ್ಳಿಯದು: ಕೀಲು ಮುಚ್ಚಳದ ಕುಂಕುಮ ಭರಣಿ. ಈ ಸಲ ಇಪ್ಪತ್ತು ಚಿತ್ರಗಳನ್ನು ವಿಧೇಯತೆಯಿಂದ ಬರೆದೆನು. ಹದಿನೇಳನೆಯದೇ ಆಯ್ಕೆಯಾದುದು, ಮೊದಲ ಹತ್ತು ಅಂಗಡಿಯಲ್ಲಿ ಕಂಡವುಗಳ ನೆನಪು ಮಾತ್ರ. ನೂರು ಭಾಗದಲ್ಲಿ ತೊಂಬತ್ತೆರಡೂವರೆ ಭಾಗ ಬೆಳ್ಳಿ, ಮಿಕ್ಕುದು ತಾಮ್ರ. ಶುದ್ಧ ಬೆಳ್ಳಿ ಮುಚ್ಚಳಕ್ಕೂ ಕೀಲಿಗೂ ಬಲು ಮೆತ್ತಗಾಗುತ್ತದೆ. ಬೆಸುಗೆ ಹಾಕುವುದಕ್ಕೆ ಮೊದಲು ಊದುಗೊಳವೆಯ ಅಭ್ಯಾಸ. ದೀಪದ ಕುಡಿಯನ್ನು ಊದಿ ಸೂಜಿಯಂತೆ ಮಾಡಿ ಬೆಸುಗೆಯ ಮೇಲೆ ನಿಲ್ಲಿಸಬೇಕಾದರೆ ಉಸಿರು ನಡುವೆ ಕಡಿಯಬಾರದು. ಗಾಳಿಯನ್ನು ಕೆನ್ನೆಯಲ್ಲಿ ತುಂಬಿಕೊಂಡು, ಕೆನ್ನೆಯನ್ನೇ ತಿದಿಯಂತೆ ಒತ್ತುತ್ತ, ಅದೇ ಸಮಯದಲ್ಲಿ ಮೂಗಿನಿಂದ ಉಸಿರೆಳೆದುಕೊಳ್ಳಬೇಕು. ಗುರುಗಳ ತಂದೆಯವರು ಒಂದು ದಿನ ತರಗತಿಗೆ ಬಂದಿದ್ದಾಗ ಇದನ್ನು ಮಾಡಿ ತೋರಿಸಿದರು: ಎಪ್ಪತ್ತು ದಾಟಿದ ಮುಖದಲ್ಲಿ ಕೆನ್ನೆಗಳೆರಡೂ ನಿಂಬೆಹಣ್ಣಿನಂತೆ ಉಬ್ಬಿ ನಿಂತವು; ಜ್ವಾಲೆ ಅಲುಗಲಿಲ್ಲ; ಬಿಳಿಗಾರವು ಮೊದಲು ನೊರೆಯಾಗಿ ಉಬ್ಬಿ, ಆಮೇಲೆ ಗಾಜಿನಂತೆ ತಿಳಿಯಾಗಿ, ಅದರಡಿಯಲ್ಲಿ ಬೆಸುಗೆಯು ಒಮ್ಮೆಗೇ ಮಿಂಚಿ ಸಂದಿನೊಳಕ್ಕೆ ಹರಿದುಹೋಯಿತು. ನಾನು ಊದಿದಾಗ ದೀಪ ಆರಿತು. ನನಗೆ ಅನಿಲದ ಟಾರ್ಚನ್ನು ಕೊಟ್ಟರು.

ಬೆಸುಗೆಯ ಸ್ವಭಾವವು ವಿಚಿತ್ರ. ಅದು ಎಲ್ಲಿ ಕಾವು ಹೆಚ್ಚೋ ಅಲ್ಲಿಗೆ ಓಡುತ್ತದೆ, ಯಜಮಾನನು ಎಲ್ಲಿ ಬಯಸಿದನೋ ಅಲ್ಲಿಗಲ್ಲ. ಕೀಲಿನ ಮೂರು ಕೊಳವೆಗಳಲ್ಲಿ ಎರಡು ಭರಣಿಗೆ, ನಡುವಿನದೊಂದು ಮುಚ್ಚಳಕ್ಕೆ ಅಂಟಬೇಕು. ನನ್ನ ಬೆಸುಗೆಯು ಮೂರನ್ನೂ ಸಮಾನದೃಷ್ಟಿಯಿಂದ ಅಪ್ಪಿಕೊಂಡಿತು. ಮುಚ್ಚಳವು ಎಂದೆಂದಿಗೂ ತೆರೆಯದಂತೆ ಮುಚ್ಚಿಕೊಂಡಿತು. ಬೆಸುಗೆ ಹರಿಯಬಾರದ ಕಡೆಗೆ ಕೆಮ್ಮಣ್ಣಿನ ಕೆಸರನ್ನು ಬಳಿಯಬೇಕಾಗಿದ್ದಿತು, ಮರೆತಿದ್ದೆನು. ಗರಗಸದಿಂದ ಕೊಯ್ದು ತೆಗೆದು ಇನ್ನೊಮ್ಮೆ ಕೂಡಿಸಿದಾಗ ಒಂದು ಕಡೆ ಗಾಯದ ಕಲೆ ಉಳಿಯಿತು. ಬೆಳ್ಳಿಯ ಚೂರುಗಳನ್ನು ಇದ್ದಲಿನ ಮೇಲಿಟ್ಟು ಕರಗಿಸಿದರೆ ಅವು ತಾವಾಗಿಯೇ ಮುದುರಿ ಮುತ್ತಿನಂಥ ಗುಂಡುಗಳಾಗುತ್ತವೆ. ಅಂಥ ಒಂಬತ್ತು ಗುಂಡುಗಳನ್ನು ಆ ಕಲೆಯ ಮೇಲೆ ಸಾಲಾಗಿ ಬೆಸೆದೆನು. ಪ್ರದರ್ಶನಕ್ಕೆ ಬಂದವರೆಲ್ಲ ಭರಣಿಯಲ್ಲಿ ಮೆಚ್ಚಿದ್ದು ಆ ಗುಂಡುಸಾಲನ್ನೇ. ನನ್ನ ಸಿದ್ಧಾಂತಕ್ಕೆ ಇನ್ನೊಂದು ಸಾಕ್ಷಿ ದೊರೆಯಿತೆಂದು ನಾನು ಹಿಗ್ಗಿದೆನು.

ಮೇಣದ ಎರಕದ ಪ್ರಕರಣವನ್ನು ಬೇಗನೆ ಮುಗಿಸುತ್ತೇನೆ. ಮೇಣದಲ್ಲಿ ನಂದಿಯನ್ನು ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಗೊಟ್ಟು, ಆ ಬಯಲಿಗೆ ಹಿತ್ತಾಳೆಯನ್ನು ಹೊಯ್ದೆನು. ಒಂದು ಕೊಂಬಿಗೆ ಲೋಹ ತಲುಪಲಿಲ್ಲ. ಈ ವಿಧಾನವನ್ನು ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ವರ್ಣಿಸಿದ್ದಾನೆ. ಮೇಣವನ್ನು ಮೊದಲು ತೂಗಿಕೊಂಡು, ಆಯಾ ಲೋಹಕ್ಕೆ ತಕ್ಕಂತೆ ಅದರ ಇಷ್ಟು ಪಟ್ಟು ಲೋಹವನ್ನು ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅಲ್ಲಿದೆ. ರಾಜನಿಗೆ ಗೊತ್ತಿದ್ದ ಲೆಕ್ಕವನ್ನು ಅನುಸರಿಸದ ಫಲವಾಗಿ ನಮ್ಮ ಮನೆಯಲ್ಲಿ ಏಕಶೃಂಗಿಯಾದ ನಂದಿಯೊಂದಿದೆ.

ಸೋಮೇಶ್ವರನ ಕಲ್ಯಾಣವು ಇರುವ ಜಿಲ್ಲೆಗೇ ನಾನು ಎರಡನೆಯ ವರ್ಷದ ಕಡೆಯಲ್ಲಿ ಹೋಗಬೇಕಾಯಿತು. ಅಂತಿಮ ವಸ್ತುವನ್ನು ಕಸುಬುದಾರರ ಬಳಿಯಲ್ಲಿ ಕುಳಿತು ಮಾಡಬೇಕೆಂಬುದು ನಮ್ಮ ಗುರುಗಳ ಕಟ್ಟಳೆ. ನಾನು ಬಿದರಿ ಕಲೆಯನ್ನು ಆರಿಸಿಕೊಂಡು ಬೀದರಿನ ಒಬ್ಬ ಉಸ್ತಾದರ ಅಂಗಡಿಯ ಹಿಂಬದಿಯಲ್ಲಿ ಆರು ವಾರ ಕುಳಿತೆನು. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ತರುವಾಯ, ಇರಾನಿನ ಕಡೆಯಿಂದ ಬಂದ ಕುಶಲಿಗಳ ಮೂಲಕ ಈ ಕಲೆಯು ಇಲ್ಲಿ ಬೇರೂರಿತೆಂದು ಹೇಳುವರು. 2023ರಲ್ಲಿ ಈ ಕಲೆಯ ಕುಶಲಿ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ದೊರೆತಾಗ ನಾಡಿನ ಜನರು ಬಿದರಿಯ ಹೆಸರನ್ನು ಪುನಃ ಒಂದು ಸಲ ಕೇಳಿದರು.

ಬಿದರಿಯ ಲೋಹವು ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಬೆರೆಸಿದುದು. ಹರಳೆಣ್ಣೆ, ರಾಳಗಳನ್ನು ಕಲಸಿದ ಮಣ್ಣಿನ ಅಚ್ಚಿನಲ್ಲಿ ಅದನ್ನು ಹೊಯ್ದು, ಅರದಿಂದ ನಯಗೊಳಿಸಿದರೆ ಬೂದಿಬಣ್ಣದ, ಮುಖವೇ ಇಲ್ಲದಂಥ ಒಂದು ತಟ್ಟೆ ಸಿದ್ಧವಾಗುತ್ತದೆ. ಗೆರೆ ಕಾಣಲೆಂದು ಅದಕ್ಕೆ ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಉಕ್ಕಿನ ಮೊನೆಯಿಂದ ಚಿತ್ರ. ಉಸ್ತಾದರು ಕಾಗದವನ್ನೇ ಮುಟ್ಟದೆ ಬಳ್ಳಿ, ಎಲೆ, ಹೂಗಳನ್ನು ನೆಟ್ಟಗೆ ಲೋಹದ ಮೇಲೆಯೇ ಬರೆಯುತ್ತ ಹೋಗುವುದನ್ನು ನೋಡಿದಾಗ, ನನ್ನ ಇಪ್ಪತ್ತು ಚಿತ್ರಗಳ ಪುಸ್ತಕವನ್ನು ಚೀಲದಿಂದ ತೆಗೆಯುವುದಕ್ಕೆ ಸಂಕೋಚವಾಯಿತು. ಆಮೇಲೆ ಚಾಣದಿಂದ ಗೆರೆಯನ್ನು ಕೊರೆದು, ಆ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂಡಿಸುವುದು. ತಂತಿಯ ಕೆಲಸಕ್ಕೆ ತಾರಕಶಿಯೆಂದು ಹೆಸರು. ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಕಾಲುವೆಯ ದಡಗಳೇ ಬೆಳ್ಳಿಯನ್ನು ಹಿಡಿದಿರಬೇಕು.

ಇದೆಲ್ಲ ಮುಗಿದು ತಟ್ಟೆಯನ್ನು ಉಜ್ಜಿದಾಗ ನನಗೆ ಎದೆ ಧಸಕ್ಕೆಂದಿತು. ಮೈಲುತುತ್ತದ ಕಪ್ಪು ಹೊರಟುಹೋಗಿ, ಸತುವಿನ ಬಿಳುಪಿನಲ್ಲಿ ಬೆಳ್ಳಿಯ ಬಿಳುಪು ಕರಗಿ, ಆರು ವಾರ ಕಣ್ಣು ಕಿಸಿದು ಕೂಡಿಸಿದ ಬಳ್ಳಿ ಎಲ್ಲಿದೆಯೆಂಬುದೇ ತಿಳಿಯದಾಯಿತು. ಉಸ್ತಾದರು ಡಬ್ಬಿಯಿಂದ ಒಂದು ಹಿಡಿ ಮಣ್ಣನ್ನು ತೆಗೆದು, ಚಿಟಿಕೆಯಷ್ಟನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ, ಆಗಬಹುದೆಂಬಂತೆ ತಲೆಯಾಡಿಸಿದರು. ಬೀದರ ಕೋಟೆಯೊಳಗಿನ, ಬಹುಕಾಲ ಬಿಸಿಲು ಮಳೆ ಕಾಣದ ಕಟ್ಟಡಗಳ ಮಣ್ಣು ಅದು. ಅದನ್ನೂ ನವಸಾಗರವನ್ನೂ ನೀರಿನಲ್ಲಿ ಕದಡಿ ಕಾಯಿಸಿದರು. ಕಲಾಯಿಯವನು ತಾಮ್ರದ ಪಾತ್ರೆಯನ್ನು ಬೆಳಗುವುದೂ ಇದೇ ನವಸಾಗರದಿಂದ. ಅಲ್ಲಿ ಬೆಳ್ಳಗಾಗಿಸಲು ಬಂದುದು ಇಲ್ಲಿ ಕಪ್ಪಾಗಿಸಲು ಬರುತ್ತದೆ. ತಟ್ಟೆಯನ್ನು ಹದವಾಗಿ ಬಿಸಿ ಮಾಡಿ, ಆ ಕೆಸರನ್ನು ಬೆರಳಿನಿಂದ ತಿಕ್ಕಿ ತೊಳೆದು, ಒಂದು ಹನಿ ಎಣ್ಣೆ ಸವರಿ ನನ್ನ ಕೈಗಿತ್ತರು. ಲೋಹವೆಲ್ಲ ಅಮಾವಾಸ್ಯೆಯ ರಾತ್ರಿಯಂತೆ ಕಪ್ಪು. ಬೆಳ್ಳಿಯ ಬಳ್ಳಿಗೆ ಮಾತ್ರ ಒಂದಿಷ್ಟೂ ಮಸಿ ತಗುಲಿರಲಿಲ್ಲ. ಬರಿಯ ಸತುವಾಗಿದ್ದರೆ ಈ ಕಪ್ಪು ಬರುತ್ತಿರಲಿಲ್ಲವೆಂದೂ ಬೆರೆಸಿದ ಆ ಒಂದು ಪಾಲು ತಾಮ್ರದ ಮಹಿಮೆಯೇ ಇದೆಂದೂ ಲೋಹಶಾಸ್ತ್ರಜ್ಞರು ಹೇಳುತ್ತಾರೆ. ನನ್ನ ಬಳ್ಳಿಯಲ್ಲಿ ಎರಡು ಎಲೆಗಳು ಕಳಚಿ ಬಿದ್ದುಹೋಗಿದ್ದವು. ಅವುಗಳ ಕಾಲುವೆ ಆಳ ಸಾಲದಾಗಿದ್ದಿತು.

ಸಿದ್ಧಾಂತವು ನನ್ನನ್ನು ಅಲ್ಲಿಯೂ ಬಿಡಲಿಲ್ಲ. ಹಂಡೆಯ ಅಂಚಿಗೆ ಕಂಬಿ ಹೇಗೋ, ಭರಣಿಯ ಕಲೆಗೆ ಗುಂಡು ಹೇಗೋ, ಹಾಗೆಯೇ ಈ ಬೆಳ್ಳಿಯ ಹೂವಿಗೂ ಏನೋ ಒಂದು ಕೆಲಸವಿರಲೇಬೇಕೆಂದು ನಿಶ್ಚಯಿಸಿ, ಇದರಿಂದ ತಟ್ಟೆಗೆ ಬಲ ಬರುತ್ತದೆಯೋ, ಲೋಹ ಬಿರಿಯದಂತೆ ಇದು ತಡೆಯುತ್ತದೆಯೋ ಎಂದು ಉಸ್ತಾದರನ್ನು ಕೇಳಿದೆನು. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

"ಬಲ ಎಲ್ಲೀದ್ರಿ ಮಾಸ್ತರ್? ಕೊರದಷ್ಟೂ ತಟ್ಟಿ ಸಣ್ಣಾಗ್ತದ. ಹೂ ಯಾಕಂದ್ರ, ಹೂ ಛಂದ ಕಾಣ್ತದ್ರಿ. ಅದಕ್ಕ."

ಬೆಂಚಿನ ಮೇಲೆ ನಿಂತ ಹುಡುಗನಿಗೆ ಹೇಗಿರುತ್ತದೆಂಬುದು ನನಗೆ ಆಗ ಅನುಭವಕ್ಕೆ ಬಂದಿತು. ಮರುದಿನ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋದೆನು. ಹದಿನಾರನೆಯ ಶತಮಾನದಲ್ಲಿ ಅಲಿ ಬರೀದನ ಕಾಲದ ಕುಶಲಿಗಳು ಅಲ್ಲಿಯ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿ ಬಳ್ಳಿಗಳನ್ನು ಬಿಡಿಸಿದ್ದಾರೆ. ಕಪ್ಪಿನಲ್ಲಿ ಬಿಳಿ, ಬಿದರಿಯೇ ಗೋಡೆಯನ್ನೇರಿದಂತಿದೆ. ಆ ಚಿಪ್ಪಿನ ಚೂರುಗಳು ಚಾವಣಿಯನ್ನು ಹೊತ್ತಿಲ್ಲ, ಕಲ್ಲನ್ನು ಬಿಗಿದಿಲ್ಲ. ಅವುಗಳಿಲ್ಲದಿದ್ದರೂ ಗೋಡೆ ನಿಂತೇ ಇರುತ್ತಿದ್ದಿತು. ನಾನು ಮಾತ್ರ ಅದರ ಮುಂದೆ ಒಂದು ಗಂಟೆಯ ಕಾಲ ನಿಂತಿರುತ್ತಿರಲಿಲ್ಲ. 'ಸಾಕು' ಎಂಬುದರಲ್ಲಿ ಇದೂ ಸೇರುತ್ತದೆಯೋ ಎಂಬ ಪ್ರಶ್ನೆಯನ್ನು ಪುಸ್ತಕದ ಕಡೆಯ ಹಾಳೆಯಲ್ಲಿ, ಎಲ್ಲೆಲ್ಲಿ ಕೆಟ್ಟಿತು ಎಂಬುದರ ಪಟ್ಟಿಯ ಕೆಳಗೆ, ಬರೆದಿಟ್ಟಿದ್ದೇನೆ. ಗುರುಗಳು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ಒಂದು ಸರಿ ಗುರುತನ್ನು ಹಾಕಿದ್ದಾರೆ. ಯಾವುದು ಸರಿ ಎಂದು ಹೇಳಿಲ್ಲ.

ಈಗ ಬಿದರಿಯ ತಟ್ಟೆ ನಮ್ಮ ಗೂಡಿನಲ್ಲಿದೆ. ತಾಮ್ರದ ಬಟ್ಟಲಿನಲ್ಲಿ ನನ್ನ ಮನೆಯಾಕೆ ಅಡಕೆ ತುಂಬಿಟ್ಟಿದ್ದಾಳೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ತಾಮ್ರದ ಹಂಡೆಯೋ ಕೊಳಗವೋ ಅಟ್ಟದ ಮೇಲಿದ್ದು, ಅದನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ತರುವ ಆಲೋಚನೆಯಿದ್ದರೆ, ಅಂಗಡಿಗೆ ಹೊರುವ ಮುನ್ನ ಅದರ ಬಾಯಂಚಿನ ಕೆಳಗೆ ಒಂದು ಸಲ ಬೆರಳಾಡಿಸಿ ನೋಡಿ. ಕಂಬಿ ತಗುಲಿದರೆ, ದಯವಿಟ್ಟು ಅದನ್ನು ಕೊಟ್ಟುಬಿಡಬೇಡಿ.